ಗೆದ್ದದ್ದು ಯಾರು?



2025ರ ಮೇ ತಿಂಗಳ ಕೊನೆಯಲ್ಲಿ ನಮ್ಮ ತಾಲ್ಲೂಕು ಕೇಂದ್ರದಲ್ಲಿ ಒಂದು ಸನ್ಮಾನ ಸಮಾರಂಭ ನಡೆಯಿತು. ಸನ್ಮಾನಗೊಂಡವನು ನನ್ನ ಹಳೆಯ ವಿದ್ಯಾರ್ಥಿ, ಈಗ ದೊಡ್ಡ ಹುದ್ದೆಯಲ್ಲಿರುವವನು. ಅವನ ಹೆಸರು ಇಲ್ಲಿ ಬೇಡ. ನಾನು ಐದನೆಯ ಸಾಲಿನಲ್ಲಿ ಕುಳಿತಿದ್ದೆ. ಅವನು ತಂದೆತಾಯಿಯರನ್ನು ನೆನೆದ, ಕಾಲೇಜಿನ ಪ್ರಾಧ್ಯಾಪಕರನ್ನು ನೆನೆದ, ಮೇಲಧಿಕಾರಿಗಳನ್ನು ನೆನೆದ. ಮೂರು ವರ್ಷ ಗಣಿತ ಕಲಿಸಿದ ನನ್ನ ಹೆಸರು ಈಗ ಬಂದೀತು, ಆಗ ಬಂದೀತು ಎಂದು ಕಾದೆ; ಬರಲಿಲ್ಲ. ಮನೆಗೆ ಬಂದು ಯಾರೊಡನೆಯೂ ಏನೂ ಹೇಳಲಿಲ್ಲ. ಆದರೆ ಊಟಕ್ಕೆ ಕುಳಿತಾಗ ನನ್ನ ಮನೆಯವರು, "ಏನಾಯ್ತು, ಅನ್ನ ಸೇರ್ತಿಲ್ಲ?" ಎಂದು ಕೇಳಿದರು. ಮೂವತ್ತಾರು ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ ಇಷ್ಟು ಸಣ್ಣ ಮನಸ್ಸೇ ಎಂದು ನಾಚಿಕೆಯಾಯಿತು. ನೋವು ಮಾತ್ರ ಹೋಗಲಿಲ್ಲ.

ಜೂನ್ ಎರಡನೆಯ ವಾರ ಬೆಂಗಳೂರಿನ ಮಗಳ ಮನೆಗೆ ಹೋಗಿದ್ದೆ. ಶನಿವಾರ ಸಂಜೆ ಏಳೂವರೆಗೆ ಮೊಮ್ಮಗನೂ ಅಳಿಯಂದಿರೂ ಟಿವಿಯ ಮುಂದೆ ಕುಳಿತರು. ಫ್ರಾನ್ಸಿನ ಲೆ ಮಾನ್ ಪಟ್ಟಣದ 24 ಗಂಟೆಗಳ ಕಾರ್ ಓಟ. 1923ರಲ್ಲಿ ಆರಂಭವಾದ ಸ್ಪರ್ಧೆಯಂತೆ. ಸುಮಾರು ಹದಿಮೂರೂವರೆ ಕಿಲೋಮೀಟರಿನ ಸುತ್ತು. ಹಗಲು, ರಾತ್ರಿ, ಮತ್ತೆ ಹಗಲು, ಒಂದೇ ಕಾರು ಓಡುತ್ತಿರಬೇಕು. ಮೂವರು ಚಾಲಕರು ಸರದಿಯಲ್ಲಿ ನಡೆಸುತ್ತಾರೆ. ನಾನು ಮಲಗಿ ಎದ್ದು, ಸ್ನಾನ ಮಾಡಿ, ಪೇಪರ್ ಓದಿ ಮುಗಿಸಿದರೂ ಅವು ಓಡುತ್ತಲೇ ಇದ್ದವು. ಭಾನುವಾರ ಸಂಜೆ ಹಳದಿ ಬಣ್ಣದ ಕಾರೊಂದು ಗೆದ್ದಿತು.

"ಗೆದ್ದದ್ದು ಯಾರಪ್ಪಾ?" ಎಂದು ಕೇಳಿದೆ.

"ಫೆರಾರಿ, ಅಜ್ಜಾ" ಎಂದ ಮೊಮ್ಮಗ. ಟಿವಿಯಲ್ಲಿ ಮೂವರು ಚಾಲಕರ ಹೆಸರು ಹೇಳುತ್ತಿದ್ದರು. ಅಳಿಯಂದಿರು, "ಮಾವ, ಆ ಕಾರನ್ನು ಓಟಕ್ಕೆ ಇಳಿಸಿದ್ದು ಎಎಫ್ ಕೋರ್ಸೆ ಎಂಬ ತಂಡ" ಎಂದರು. ಒಂದೇ ಪ್ರಶ್ನೆಗೆ ಮೂರು ಉತ್ತರ! ಗಣಿತದ ಮೇಷ್ಟ್ರಿಗೆ ಇದು ಸರಿಬರಲಿಲ್ಲ. ನನ್ನ ಗೊಂದಲ ಕಂಡು ಅಳಿಯಂದಿರು ಜರ್ಮನಿಯ ಒಂದು ತಂಡದ ಕಥೆಯನ್ನು ಹೇಳಿದರು. ಆ ಬಳಿಕ ನಾನೇ ಕುತೂಹಲದಿಂದ ಓದಿಕೊಂಡೆ. ನಿಮಗೂ ಹೇಳಬೇಕೆನಿಸಿದೆ.

ಆ ತಂಡದ ಹೆಸರು ಯೋಸ್ಟ್ ರೇಸಿಂಗ್. ಸ್ಥಾಪಿಸಿದವರು ರೈನ್‌ಹೋಲ್ಡ್ ಯೋಸ್ಟ್, ವರ್ಷ 1978. ಇವರು ಸ್ವತಃ ಒಳ್ಳೆಯ ಚಾಲಕರು. ಅಮೆರಿಕದ ಡೇಟೋನಾದ 24 ಗಂಟೆಗಳ ಓಟವನ್ನು 1980ರಲ್ಲಿ ಗೆದ್ದವರು. ಆದರೆ ಲೆ ಮಾನ್ ಮಾತ್ರ ಚಾಲಕರಾಗಿ ಅವರಿಗೆ ಒಲಿಯಲಿಲ್ಲ. ಅದೇ 1980ರಲ್ಲಿ ಜಾಕಿ ಇಕ್ಸ್ ಅವರೊಡನೆ ಎರಡನೆಯ ಸ್ಥಾನದವರೆಗೆ ಬಂದು ನಿಂತರು. ಮುಂದೆ ಗೆದ್ದದ್ದೆಲ್ಲ ಬೇರೆಯವರ ಕೈಯಲ್ಲಿ ಸ್ಟಿಯರಿಂಗ್ ಕೊಟ್ಟು, ತಾವು ಹಿಂದೆ ನಿಂತು.

1984ರಲ್ಲಿ, ನಾನು ಬಿ.ಎಡ್. ಮುಗಿಸಿದ ವರ್ಷ, ಅವರ ಪೋರ್ಷೆ 956 ಕಾರು ಲೆ ಮಾನ್ ಗೆದ್ದಿತು. ಆದರೆ ಆ ವರ್ಷ ಪೋರ್ಷೆ ಕಾರ್ಖಾನೆಯ ಸ್ವಂತ ತಂಡ ಇಂಧನದ ನಿಯಮಗಳ ವಿಷಯದಲ್ಲಿ ಮುನಿಸಿಕೊಂಡು ಓಟಕ್ಕೇ ಬಂದಿರಲಿಲ್ಲ. "ದೊಡ್ಡವರು ಇಲ್ಲದಾಗ ಗೆದ್ದರು" ಎಂದು ಯಾರಾದರೂ ಹೇಳಬಹುದಿತ್ತು. ಮರುವರ್ಷ ಕಾರ್ಖಾನೆಯ ತಂಡ ಹೊಸ ಕಾರುಗಳೊಂದಿಗೆ ಬಂದಿತು. ಯೋಸ್ಟ್ ತಂದದ್ದು ಹಿಂದಿನ ವರ್ಷದ ಅದೇ ಕಾರನ್ನು, ಅದೇ 117ನೆಯ ಒಡಲನ್ನು. ಇಂಧನಕ್ಕೆ ಮಿತಿಯಿದ್ದ ಓಟ. ಆರಂಭದಲ್ಲಿ ಇನ್ನೊಂದು ಖಾಸಗಿ ತಂಡದ ಕಾರಿನ ಬೆನ್ನಿಗೆ ಅಂಟಿಕೊಂಡು, ಸರದಿಯಂತೆ ಮುಂದೆ ಹಿಂದೆ ಆಗುತ್ತ, ಗಾಳಿಯ ಎದುರೊತ್ತಡವನ್ನು ಹಂಚಿಕೊಂಡು ಇಂಧನ ಉಳಿಸಿದರು. ಗೆದ್ದರು. ಕಾರ್ಖಾನೆಯ ಕಾರಿಗೆ ಮೂರನೆಯ ಸ್ಥಾನ ಸಿಕ್ಕಿತು. ಒಂದು ಸಲ ಮೊದಲನೆಯ ದರ್ಜೆ ಬಂದ ಹುಡುಗನಿಗೆ ಎರಡನೆಯ ಪರೀಕ್ಷೆಯೇ ನಿಜವಾದ ಪರೀಕ್ಷೆ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆನಲ್ಲ, ಅದು ನೆನಪಾಯಿತು.

1985ರ ಆ ಮೂವರು ಚಾಲಕರಲ್ಲಿ ಒಬ್ಬರ ಹೆಸರು ಜಾನ್ ವಿಂಟರ್. ಅದು ನಿಜವಾದ ಹೆಸರಲ್ಲ! ಲೂಯಿ ಕ್ರಾಗೆಸ್ ಎಂಬ ಮರದ ವ್ಯಾಪಾರಿ, ತನ್ನ ಓಟದ ಹುಚ್ಚು ತಾಯಿಗೆ ಗೊತ್ತಾಗಬಾರದೆಂದು ಇಟ್ಟುಕೊಂಡಿದ್ದ ಹೆಸರು. ಜಗತ್ತಿನ ಅತಿ ಕಠಿಣ ಓಟಗಳಲ್ಲೊಂದನ್ನು ಗೆದ್ದೂ ತನ್ನ ಹೆಸರನ್ನು ಅಡಗಿಸಿಕೊಂಡವನು ಒಬ್ಬ. ಸನ್ಮಾನದ ಭಾಷಣದಲ್ಲಿ ಹೆಸರು ಬರಲಿಲ್ಲವೆಂದು ಅನ್ನ ಬಿಟ್ಟವನು ಇನ್ನೊಬ್ಬ. ಓದುವಾಗ ನನಗೇ ನಗು ಬಂದಿತು.

ಹನ್ನೊಂದು ವರ್ಷಗಳ ನಂತರ ಇದೇ ಕಥೆ ಮರುಕಳಿಸಿತು. ಜಾಗ್ವಾರ್ ಕಾರಿನ ಒಡಲಿಗೆ ಪೋರ್ಷೆ ಎಂಜಿನ್ ಕೂಡಿಸಿ ಅಮೆರಿಕದ ಓಟಕ್ಕಾಗಿ ಮಾಡಿದ್ದ ಒಂದು ಕಾರನ್ನು, ಅಲ್ಲಿನ ನಿಯಮ ಬದಲಾದಾಗ, ಪೋರ್ಷೆಯವರು ಮೂಲೆಗೆ ಸರಿಸಿದ್ದರು. ಯೋಸ್ಟ್ ಅದನ್ನು ಪಡೆದು ಸಿದ್ಧಗೊಳಿಸಿದರು. 1996ರ ಲೆ ಮಾನ್‌ನಲ್ಲಿ ಕಾರ್ಖಾನೆಯ ಹೊಚ್ಚ ಹೊಸ ಕಾರುಗಳಿಗೆ ಎರಡು ಮತ್ತು ಮೂರನೆಯ ಸ್ಥಾನ. ಮೂಲೆಗೆ ಸರಿದ ಕಾರಿಗೆ ಮೊದಲನೆಯದು. 1997ರಲ್ಲಿ ಮುಂದಿದ್ದ ಕಾರ್ಖಾನೆಯ ಕಾರುಗಳಲ್ಲಿ ಒಂದು ಅಪಘಾತದಿಂದ, ಇನ್ನೊಂದು ಬೆಂಕಿಯಿಂದ ಹೊರಬಿದ್ದವು; ಅದೇ ಹಳೆಯ ಕಾರು ಮತ್ತೆ ಗೆದ್ದಿತು. ಆ ಸಲ ಕೊನೆಯ ಗಳಿಗೆಯಲ್ಲಿ ಸೇರಿಸಿಕೊಂಡ ತರುಣ ಟಾಮ್ ಕ್ರಿಸ್ಟೆನ್ಸನ್. ಮುಂದೆ ಅವರು ಒಟ್ಟು 9 ಸಲ ಲೆ ಮಾನ್ ಗೆದ್ದು ದಾಖಲೆ ಮಾಡಿದರು. ಅವುಗಳಲ್ಲಿ 6 ಈ ತಂಡದಲ್ಲಿದ್ದಾಗಲೇ ಬಂದವು.

ಆಮೇಲೆ ಔಡಿ ಕಂಪನಿ ತನ್ನ ಕಾರುಗಳನ್ನು ಇವರ ಕೈಗೆ ಕೊಟ್ಟಿತು. 1999ರಲ್ಲಿ ಮೂರನೆಯ ಮತ್ತು ನಾಲ್ಕನೆಯ ಸ್ಥಾನ. ಮರುವರ್ಷ ಮೊದಲ ಮೂರೂ ಸ್ಥಾನ. ಔಡಿ ಆರ್8 ಕಾರಿನ ಗೇರ್‌ಬಾಕ್ಸ್ ಮತ್ತು ಹಿಂಭಾಗದ ಸಸ್ಪೆನ್ಷನ್ ಒಂದೇ ಗಂಟಿನಂತೆ ಕಳಚುವ ಹಾಗೆ ಮಾಡಲಾಗಿತ್ತು. ಕೆಟ್ಟರೆ ರಿಪೇರಿ ಮಾಡುತ್ತ ಕೂರುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಇಡೀ ಹಿಂಭಾಗವನ್ನೇ ಬದಲಿಸಿ ಕಳುಹಿಸುವುದು. ರಾತ್ರಿ ಮೂರು ಗಂಟೆಗೆ, ನಿದ್ದೆಗೆಟ್ಟ ಕಣ್ಣಿನಲ್ಲಿ, ಒಂದು ಬೋಲ್ಟೂ ತಪ್ಪದಂತೆ ಆ ಕೆಲಸ ಮಾಡುವವರ ಹೆಸರು ಯಾವ ಫಲಕದ ಮೇಲೂ ಇರುವುದಿಲ್ಲ.

ಎಲ್ಲವೂ ಸುಖದ ದಾಖಲೆಯಲ್ಲ. 1997ರಲ್ಲಿ ಗೆದ್ದುಕೊಟ್ಟ ಮಿಕೇಲೆ ಆಲ್ಬೊರೆಟೊ 2001ರ ಏಪ್ರಿಲ್‌ನಲ್ಲಿ ಔಡಿ ಕಾರನ್ನು ಪರೀಕ್ಷಿಸುತ್ತಿದ್ದಾಗ ತೀರಿಕೊಂಡರು. ಎರಡು ತಿಂಗಳ ಬಳಿಕ ಮಳೆಯಲ್ಲಿ ನಡೆದ ಲೆ ಮಾನ್‌ನಲ್ಲಿ ತಂಡ ಗೆದ್ದಿತು. 2009ರಲ್ಲಿ ಪೆಜೊ ತಂಡಕ್ಕೆ ಸೋತರು. 2011ರಲ್ಲಿ ಮೂರು ಕಾರುಗಳಲ್ಲಿ ಎರಡು ಭೀಕರವಾಗಿ ಅಪ್ಪಳಿಸಿ ನುಚ್ಚುನೂರಾದವು; ಚಾಲಕರು ಉಳಿದರು. ಉಳಿದ ಒಂದೇ ಕಾರು 24 ಗಂಟೆಗಳ ಕೊನೆಗೆ 14 ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಗೆದ್ದಿತು.

ಹಳೆಯ ಅಭ್ಯಾಸ, ಕಾಗದ ತೆಗೆದು ಲೆಕ್ಕ ಹಾಕಿದೆ. 1984, 85, 96, 97: ಪೋರ್ಷೆ ಎಂಜಿನ್‌ನೊಂದಿಗೆ ನಾಲ್ಕು. 2000ದಿಂದ 2002ರವರೆಗೆ ಮೂರು, 2006ರಿಂದ 2008ರವರೆಗೆ ಮೂರು, 2010ರಿಂದ 2014ರವರೆಗೆ ಐದು: ಔಡಿಯೊಂದಿಗೆ ಹನ್ನೊಂದು. 2006ರದು ಡೀಸೆಲ್ ಕಾರಿನ ಮೊದಲ ಗೆಲುವು. 2012ರದು ಹೈಬ್ರಿಡ್ ಕಾರಿನ ಮೊದಲ ಗೆಲುವು. ಒಟ್ಟು ಹದಿನೈದು. ಜಗತ್ತು ಇವನ್ನು ಪೋರ್ಷೆ ಗೆದ್ದಿತು, ಔಡಿ ಗೆದ್ದಿತು ಎಂದೇ ಹೇಳುತ್ತದೆ. 2016ರ ಕೊನೆಗೆ ಔಡಿ ಈ ಸ್ಪರ್ಧೆಗಳನ್ನು ಬಿಟ್ಟಿತು. ಯೋಸ್ಟ್ ತಂಡ ಅಮೆರಿಕದಲ್ಲಿ ಮಾಜ್ದಾ ಕಾರುಗಳನ್ನು ಹಿಡಿದು 2019ರಲ್ಲಿ ಸತತ ಮೂರು ಓಟ ಗೆದ್ದುಕೊಟ್ಟಿತು; 2020ರಲ್ಲಿ ಆ ನಂಟೂ ಮುಗಿಯಿತು.

ಇಲ್ಲಿಯವರೆಗೆ ಓದಿ ನನಗೆ ಸಮಾಧಾನವಾಯಿತು. "ನಾನೂ ಯೋಸ್ಟ್ ಇದ್ದ ಹಾಗೆ" ಎಂದುಕೊಂಡು ಎರಡು ದಿನ ಒಳಗೊಳಗೇ ಹಿಗ್ಗಿದೆ. ಮೂರನೆಯ ದಿನ ಬೇರೊಂದು ನೆನಪಾಯಿತು. 2021ರಲ್ಲಿ ನನ್ನ ಬೀಳ್ಕೊಡುಗೆಯ ದಿನ ನಾನೂ ಒಂದು ಭಾಷಣ ಮಾಡಿದ್ದೆ. ನೂರಕ್ಕೆ ನೂರು ಅಂಕ ಪಡೆದ ಮಕ್ಕಳ ಲೆಕ್ಕ ಹೇಳಿದ್ದೆ. ಮುಖ್ಯೋಪಾಧ್ಯಾಯರಿಗೆ, ಸಹೋದ್ಯೋಗಿಗಳಿಗೆ ವಂದಿಸಿದ್ದೆ. ಆ ಮಕ್ಕಳು ನನ್ನ ಬಳಿಗೆ ಬರುವ ಮುನ್ನ ಕನ್ನಡ ಶಾಲೆಯಲ್ಲಿ ಅವರ ಕೈ ಹಿಡಿದು ಅಂಕಿ ತಿದ್ದಿಸಿದ ಅಕ್ಕೋರ ಹೆಸರನ್ನು ಒಮ್ಮೆಯೂ ಹೇಳಿರಲಿಲ್ಲ. ಅಂದು ಅವರು ಸಭೆಗೆ ಬಂದಿದ್ದರು. ಎಷ್ಟನೆಯ ಸಾಲಿನಲ್ಲಿ ಕುಳಿತಿದ್ದರೋ ನಾನು ನೋಡಿರಲಿಲ್ಲ.

ಊರಿಗೆ ಮರಳಿದ ಮೇಲೆ ಬಾಳೆಹಣ್ಣು ಕಟ್ಟಿಸಿಕೊಂಡು ಅವರ ಮನೆಗೆ ಹೋದೆ. ಈಗ ಎಂಬತ್ತರ ಹತ್ತಿರ ವಯಸ್ಸು. "ಬರ್ರಿ ಸರ, ಕುಂದರ್ರಿ" ಎಂದು ಚಾಪೆ ಹಾಸಿದರು. ಭಾಷಣದ ಮಾತನ್ನು ತಡವರಿಸುತ್ತ ಎತ್ತಿದೆ. "ಅದೇನ್ ಬಿಡ್ರಿ" ಎಂದವರು, ಸನ್ಮಾನಗೊಂಡ ಆ ನನ್ನ ವಿದ್ಯಾರ್ಥಿಯ ವಿಷಯ ಕೇಳಿದರು. "ಹದಿಮೂರರ ಮಗ್ಗಿಗೆ ಯಾವಾಗ್ಲೂ ತಪ್ಪತಿದ್ದ. ಹದಿಮೂರೇಳ್ಲೆ ಅಂದ್ರ ನಿಂತಬಿಡ್ತಿದ್ದ. ಈಗ ಬರತೈತೇನ್ರಿ?"

ಐದನೆಯ ಸಾಲಿನ ನೋವು ಅಲ್ಲಿಗೆ ಮುಗಿಯಿತು. ಆ ಹುಡುಗನಿಗೆ ಫೋನ್ ಮಾಡಿ ಅಕ್ಕೋರ ಪ್ರಶ್ನೆಯನ್ನು ದಾಟಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ತೊಂಬತ್ತೊಂದು, ಸರ್" ಎಂದ. ಮುಂದಿನ ಭಾನುವಾರವೇ ಅವರನ್ನು ನೋಡಲು ಬಂದಿದ್ದ.

ನಿಮ್ಮ ಅಕ್ಕೋರು, ನಿಮ್ಮ ಮಾಸ್ತರು ಎಲ್ಲಿದ್ದಾರೆ? ಅನುಕೂಲವಾದಾಗ ಒಮ್ಮೆ ಹೋಗಿ ಬನ್ನಿ.