ಮಳೆ ನಿಂತ ಮೇಲೆ

‘ಮಳೆ ನಿಂತರೂ ಮರದ ಹನಿ ನಿಲ್ಲದು’ ಎಂಬುದು ಹಿರಿಯರ ಅನುಭವದ ನುಡಿ. ಪ್ರಕೃತಿ ವಿಕೋಪದ ವಿಷಯದಲ್ಲಿ ಈ ಮಾತು ಸತ್ಯ. ನೆರೆ ಇಳಿಯುತ್ತದೆ, ಭೂಮಿಯ ಕಂಪನ ಅಡಗುತ್ತದೆ. ಮಧುಮೇಹಿಗಳ ದೇಹದೊಳಗಿನ ವಿಪತ್ತು ಅನೇಕ ವೇಳೆ ಆಗ ತೊಡಗುತ್ತದೆ.

2018ರ ಆಗಸ್ಟ್ ತಿಂಗಳಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಮೊದಲಾದೆಡೆ ಬೆಟ್ಟಗಳು ಕುಸಿದು, ಸಹಸ್ರಾರು ಜನರು ಪರಿಹಾರ ಕೇಂದ್ರಗಳನ್ನು ಸೇರಿದರು. ಅಂತಹದೊಂದು ಕೇಂದ್ರದಲ್ಲಿ ಊಟ ಬಡಿಸುವ ಕೆಲಸ ಕೆಲವು ದಿನ ನನ್ನ ಪಾಲಿಗೆ ಬಂದಿತ್ತು. ಸ್ವತಃ ಮಧುಮೇಹಿಯಾದ ನನ್ನ ಕಣ್ಣು ಸಹಜವಾಗಿಯೇ ಸಮಾನದುಃಖಿಗಳನ್ನು ಅರಸುತ್ತಿತ್ತು. ಉಟ್ಟ ಬಟ್ಟೆಯಲ್ಲಿ ಬಂದವರ ಬಳಿ ಮಾತ್ರೆಯಿಲ್ಲ, ವೈದ್ಯರ ಚೀಟಿಯಿಲ್ಲ, ಔಷಧದ ಹೆಸರೂ ನೆನಪಿಲ್ಲ. ‘ಬಿಳಿಯ ಸಣ್ಣ ಗುಳಿಗೆ’ ಎಂದರೆ ವೈದ್ಯರು ತಾನೆ ಏನು ಮಾಡಿಯಾರು? ಹೊತ್ತುಹೊತ್ತಿಗೆ ಅನ್ನ, ನಡುನಡುವೆ ಬಿಸ್ಕತ್ತು, ಸಿಹಿ ಚಹಾ. ಇವುಗಳೊಡನೆ ನಿದ್ರೆಯಿಲ್ಲದ ಇರುಳು, ಮನೆ ಕಳೆದುಕೊಂಡ ಚಿಂತೆ. ಚಿಂತೆಯೂ ಸಕ್ಕರೆಯನ್ನು ಏರಿಸಬಲ್ಲದು. ಆತಂಕದಲ್ಲಿ ಸ್ರವಿಸುವ ಹಾರ್ಮೋನುಗಳು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಹರಿಯಬಿಡುತ್ತವೆ. 1995ರಲ್ಲಿ ಜಪಾನಿನ ಕೋಬೆಯ ಭೂಕಂಪದ ಬಳಿಕ ಅಲ್ಲಿನ ವೈದ್ಯರೂ ಮಧುಮೇಹಿಗಳಲ್ಲಿ ಈ ಏರಿಕೆಯನ್ನು ಕಂಡರು.

ಏರಿಕೆಗಿಂತ ಇಳಿಕೆ ಇನ್ನೂ ಬೇಗ ಅಪಾಯ ತರುತ್ತದೆ. ಒಂದು ಸಂಜೆ, ಮಾತ್ರೆ ನುಂಗಿ ಊಟಕ್ಕೆ ಕಾದಿದ್ದ ವೃದ್ಧೆಯೊಬ್ಬರು ಬೆವರಿ, ನಡುಗಿ, ತೊದಲತೊಡಗಿದರು. ನಿಮ್ಮದೇ ವಯಸ್ಸಿನ ಅವರ ಮೊಮ್ಮಗಳು ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ತಂದಳು. “ಸಕ್ಕರೆ ಕಾಯಿಲೆಯವರಿಗೆ ಸಕ್ಕರೆಯೆ?” ಎಂದು ಪಕ್ಕದವರು ತಡೆದರು. “ಅಜ್ಜಿಗೆ ಈಗ ಸಕ್ಕರೆ ಇಳಿದಿದೆ. ಎಚ್ಚರವಿರುವಾಗಲೇ ಕುಡಿಸಬೇಕು, ಎಚ್ಚರ ತಪ್ಪಿದರೆ ಬಾಯಿಗೆ ಏನನ್ನೂ ಹಾಕಬಾರದು” ಎಂದು ಹೇಳಿ ಅವಳು ಕುಡಿಸಿಯೇ ಬಿಟ್ಟಳು. ಕಾಲು ಗಂಟೆಯಲ್ಲಿ ಅಜ್ಜಿ ಕಣ್ಣರಳಿಸಿ, “ನೀನು ಉಂಡೆಯಾ ಮಗೂ?” ಎಂದರು. ತಡೆದವರೇ ಎದ್ದು ಹೋಗಿ ಅಜ್ಜಿಗೆ ಊಟ ತಂದರು.

1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಬೇರ್ಪಡಿಸಿದ ಇನ್ಸುಲಿನ್ ಇಂದು ಅಸಂಖ್ಯ ಜನರ ಜೀವಾಧಾರ. ವಿದ್ಯುತ್ತಿಲ್ಲದ ಕಡೆ ಅದನ್ನು ಒದ್ದೆ ಮಣ್ಣಿನ ಮಡಕೆಯ ತಂಪಿನಲ್ಲಿ ಕಾಪಾಡಬಹುದು. ಹೆಪ್ಪುಗಟ್ಟಿದರೆ ಅದು ನಿರುಪಯುಕ್ತ. ನೆರೆನೀರಿನಲ್ಲಿ ಬರಿಗಾಲಿನ ನಡಿಗೆಯೂ ಸಲ್ಲದು. ಸಂವೇದನೆ ಕುಂದಿದ ಪಾದಕ್ಕೆ ಗಾಯ ತಿಳಿಯುವುದಿಲ್ಲ.

ವಿಪತ್ತಿನಲ್ಲಿ ಪ್ರವಾಹಕ್ಕೆ ಧುಮುಕುವವರೇ ಶೂರರೆಂದು ಭಾವಿಸುತ್ತೇವೆ. ಮನೆಯ ಹಿರಿಯರ ಔಷಧಗಳ ಹೆಸರನ್ನೂ ಪ್ರಮಾಣವನ್ನೂ ಒಂದು ಹಾಳೆಯಲ್ಲಿ ಬರೆದು, ನೀರು ತಾಗದ ಚೀಲದಲ್ಲಿ ಕೆಲವು ದಿನಗಳ ಮಾತ್ರೆಯೊಡನೆ ಇಡುವುದಕ್ಕೆ ಅಂತಹ ಶೌರ್ಯ ಬೇಕಿಲ್ಲ, ಅಕ್ಕರೆಯೊಂದಿದ್ದರೆ ಸಾಕು. ಆದರೆ ಮಳೆಗಾಲಕ್ಕೆ ಮುನ್ನವೇ ಆ ಹಾಳೆ ಸಿದ್ಧವಾಗಿರಬೇಕು.