ರವಿವಾರ ಪೇಟೆಯ ಲವಂಗ

ಬೆಳಗಾವಿಯ ರವಿವಾರ ಪೇಟೆಯಲ್ಲಿ ಅಂಗಡಿಯ ಫಲಕ ಓದುವ ಮೊದಲೇ ಮೂಗಿಗೆ ವಿಳಾಸ ಸಿಗುತ್ತದೆ. ಬೆಲ್ಲ, ಒಣಮೆಣಸಿನಕಾಯಿ, ಕೊಬ್ಬರಿ. ನಡುವೆ ಎಲ್ಲಿಂದಲೋ ತೂರಿಬರುವ ಲವಂಗದ ಘಾಟು. ಖಾನಾಪುರದ ಕಡೆಯ ಕಿರಾಣಿ ಅಂಗಡಿಯವರೂ ಸರಕಿಗೆ ಬರುವ ಸಗಟು ಪೇಟೆಯಿದು. ಚೌಕಾಸಿ ಕನ್ನಡದಲ್ಲೂ ಉಂಟು, ಮರಾಠಿಯಲ್ಲೂ ಉಂಟು.

ಲವಂಗವೆಂದರೆ ಅರಳುವ ಮುನ್ನವೇ ಕಿತ್ತು ಒಣಗಿಸಿದ ಹೂಮೊಗ್ಗು. ತವರು ಇಂಡೊನೇಷ್ಯದ ಮಲುಕು ದ್ವೀಪಗಳು. ಒಳ್ಳೆಯ ಲವಂಗದ ತೂಕದಲ್ಲಿ ಶೇಕಡಾ 15ರಿಂದ 20ರಷ್ಟು ತೈಲವೇ ಇರುತ್ತದೆ. ಆ ತೈಲದ ಬಹುಪಾಲು ಯೂಜಿನಾಲ್ ಎಂಬ ಒಂದೇ ವಸ್ತು. ಖಾನಾಪುರದ ಕಾಡುಗಳಲ್ಲಿ ದಾಲ್ಚಿನ್ನಿ ಜಾತಿಯ ಮರಗಳುಂಟಲ್ಲ, ಆ ಕುಟುಂಬದಲ್ಲೊಂದು ಸೋಜಿಗ: ನಿಜವಾದ ದಾಲ್ಚಿನ್ನಿಯ ತೊಗಟೆಯ ತೈಲದಲ್ಲಿ ಸಿನ್ನಮಾಲ್ಡಿಹೈಡ್ ಹೆಚ್ಚು, ಎಲೆಯ ತೈಲದಲ್ಲಿ ಮಾತ್ರ ಯೂಜಿನಾಲ್ ಹೆಚ್ಚು. ಮರ ಒಂದೇ, ಪರಿಮಳ ಎರಡು.

ಯೂಜಿನಾಲ್ ಕುದಿಯಬೇಕಾದರೆ ಸುಮಾರು 254 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಲವಂಗವನ್ನು ಅಷ್ಟು ಕಾಯಿಸಿದರೆ ಕೈಗೆ ಬರುವುದು ಕರಕಲು. ಅದಕ್ಕೇ ನೀರಿನ ಹಬೆಯ ಜೊತೆ ಬಟ್ಟಿ ಇಳಿಸುತ್ತಾರೆ. ನೀರಿನ ಆವಿಯ ಒತ್ತಡಕ್ಕೆ ತೈಲದ ಆವಿಯ ಅಲ್ಪ ಒತ್ತಡ ಕೂಡಿ ಹೊರಗಿನ ಗಾಳಿಯ ಒತ್ತಡಕ್ಕೆ ಸಮವಾದರೆ ಸಾಕು, ಎರಡೂ ಒಟ್ಟಿಗೆ ಮೇಲೇಳುತ್ತವೆ. 100 ಡಿಗ್ರಿಯೂ ಬೇಕಿಲ್ಲ. (ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿ ಬರೀ ನೀರು ಕುದಿಯುವುದೂ 97-98 ಡಿಗ್ರಿಗೇ.) ಹಬೆಯನ್ನು ತಣಿಸಿದಾಗ ತೈಲ ನೀರಿನ ತಳಕ್ಕೆ ಇಳಿಯುತ್ತದೆ. ನೀಲಗಿರಿ ತೈಲದಂತೆ ತೇಲುವ ಬುದ್ಧಿ ಇದಕ್ಕಿಲ್ಲ. ಮುಂದೆ ಕ್ಷಾರದ ದ್ರಾವಣದಲ್ಲಿ ಕಲಕಿದರೆ ಯೂಜಿನಾಲ್ ಅದರಲ್ಲಿ ಕರಗುತ್ತದೆ, ಉಳಿದದ್ದು ಕರಗದು. ಬೇರ್ಪಡಿಸಿ ಆಮ್ಲ ಹಾಕಿದರೆ ಯೂಜಿನಾಲ್ ಮತ್ತೆ ಪ್ರತ್ಯಕ್ಷ.

ದಂತವೈದ್ಯರು ಇದನ್ನು ಸತುವಿನ ಆಕ್ಸೈಡ್ ಪುಡಿಯೊಂದಿಗೆ ಕಲಸಿ ಹಲ್ಲಿನ ಕುಳಿಗೆ ತಾತ್ಕಾಲಿಕವಾಗಿ ತುಂಬುತ್ತಾರೆ. ರಾತ್ರಿ ಹಲ್ಲುನೋವಿಗೆ ಮನೆಯಲ್ಲಿ ಲವಂಗ ಕಚ್ಚಿಸುವುದರ ಹಿಂದಿನ ಗುಟ್ಟೂ ಇದೇ. ಯೂಜಿನಾಲ್ ನರವನ್ನು ಮರಗಟ್ಟಿಸುತ್ತದೆ. ಆದರೆ ಹುಳುಕು ನಿಲ್ಲುವುದಿಲ್ಲ. ಶುದ್ಧ ತೈಲ ಒಸಡನ್ನು ಸುಡಬಲ್ಲದು. ಚಿಕ್ಕ ಮಕ್ಕಳು ನುಂಗಿದರೆ ಯಕೃತ್ತಿಗೇ ಅಪಾಯ. ಆ ಪುಟ್ಟ ಬಾಟಲಿ ಮಕ್ಕಳ ಕೈಗೆ ಎಟುಕಬಾರದು.

ಇನ್ನೊಂದು ಮೋಸವುಂಟು. ತೈಲ ತೆಗೆದ ಮೇಲೂ ಲವಂಗದ ಆಕಾರ ಕೆಡುವುದಿಲ್ಲ. ಒಣಗಿಸಿ ಒಳ್ಳೆಯದರ ಜೊತೆ ಬೆರೆಸಿದರೆ ಕಣ್ಣಿಗೆ ತಿಳಿಯದು. ಒಂದು ಲೋಟ ನೀರಿಗೆ ಇಪ್ಪತ್ತು ಲವಂಗ ಹಾಕಿ ನೋಡಬೇಕು: ತೈಲ ತುಂಬಿದವು ತಳ ಸೇರುತ್ತವೆ, ಬರಿದಾದವು ಅಡ್ಡಡ್ಡ ತೇಲುತ್ತವೆ. ಒಂದೆರಡು ತೇಲಿದ ಮಾತ್ರಕ್ಕೆ ಅಂಗಡಿಯವರ ಮೇಲೆ ಜಗಳಕ್ಕೆ ಹೋಗಬೇಕಿಲ್ಲ. ಅರ್ಧಕ್ಕರ್ಧ ತೇಲಿದರೆ ಕೇಳಲೇಬೇಕು. ಪೇಟೆಯಲ್ಲಿ ಲೋಟ ಎಲ್ಲಿಂದ ತರುವುದು? ಹಳಬರು ಮೊಗ್ಗನ್ನು ಉಗುರಿನಿಂದ ಒತ್ತಿ, ಎಣ್ಣೆ ಜಿನುಗಿದರೆ ಮಾತ್ರ ತಕ್ಕಡಿಯತ್ತ ಕೈ ತೋರಿಸುತ್ತಾರೆ.