ಕೋಟಿನ ಒಳಗಿನ ಹೊಲಿಗೆ

1952. ಫ್ಲಾರೆನ್ಸಿನ ಪಿಟ್ಟಿ ಅರಮನೆಯ ‘ಸಾಲಾ ಬಿಯಾಂಕಾ’, ಅಂದರೆ ಬಿಳಿ ಸಭಾಂಗಣದಲ್ಲಿ ಕೂತಿದ್ದೀರಿ. ಗೋಡೆಯ ತುಂಬ ಬಿಳಿ ಗಾರೆಯ ಕುಸುರಿ, ತಲೆಯ ಮೇಲೆ ಸ್ಫಟಿಕದ ತೂಗುದೀಪಗಳು. ಅಕ್ಕಪಕ್ಕದಲ್ಲಿ ಪತ್ರಕರ್ತರು, ಅಮೆರಿಕದ ದೊಡ್ಡ ಮಳಿಗೆಗಳ ಪರವಾಗಿ ಮಾಲು ಕೊಳ್ಳಲು ಬಂದವರು. ಪ್ಯಾರಿಸ್ಸಿಗೆ ಸಾಟಿಯಾಗಿ ಇಟಲಿಯ ಉಡುಪೂ ನಿಲ್ಲಬೇಕೆಂದು ಹೊರಟ ಜೊವಾನ್ನಿ ಬತ್ತಿಸ್ತಾ ಜೋರ್ಜಿನಿ ಅವರೆಲ್ಲರನ್ನೂ ಕರೆಸಿದ್ದಾರೆ. ಇಂಥ ಕಡೆ ನಡೆದು ಬರುವುದು ಹೆಂಗಸರ ಉಡುಪು ಎಂಬುದೇ ಆ ದಿನಗಳ ರೂಢಿ.

ಆದರೆ ಈಗ ನಡೆದು ಬರುತ್ತಿರುವವರು ಗಂಡಸು: ಆಂಜೆಲೊ ವಿತ್ತುಚ್ಚಿ, ರೋಮಿನ ಬ್ರಿಯೋನಿ ಅಂಗಡಿಯವರು. ಗಂಡಸರ ಉಡುಪಿನ ಮೊದಲ ಫ್ಯಾಷನ್ ಷೋ ಎಂದು ಮುಂದೆ ಹೆಸರಾಗುವುದು ಇದೇ. ಅವರ ಭುಜ ನೋಡಿ. ಲಂಡನ್ನಿನ ಸ್ಯಾವಿಲ್ ರೋ ಕೋಟಿನ ದಪ್ಪ ಉಣ್ಣೆ, ಬಿಗುವು ಇಲ್ಲಿಲ್ಲ. ಭುಜ ಹಗುರ, ಸೊಂಟ ಸಣ್ಣ, ಪ್ಯಾಂಟು ಕಿರಿದು. ಕಪ್ಪು, ಬೂದುಬಣ್ಣ ಬಿಟ್ಟರೆ ಗಂಡಸಿಗೆ ಬೇರೇನು ಎನ್ನುತ್ತಿದ್ದ ಕಾಲದಲ್ಲಿ ಬ್ರಿಯೋನಿ ಬಣ್ಣ ಬಣ್ಣದ ರೇಷ್ಮೆಯನ್ನೂ ಕತ್ತರಿಸಿತು. ಅದಕ್ಕೆ ಎಂಥ ಎದೆಗಾರಿಕೆ ಬೇಕಿತ್ತು ಎಂಬುದು ಇವತ್ತು ನಮಗೆ ಸುಲಭಕ್ಕೆ ಹೊಳೆಯುವುದಿಲ್ಲ.

ಆ ಕತ್ತರಿ ಯಾರದೆಂದು ತಿಳಿಯಬೇಕಾದರೆ ರೋಮಿನ ವಿಯಾ ಬಾರ್ಬೆರೀನಿಗೆ ಬನ್ನಿ. ನಜರೇನೊ ಫೋಂತಿಕೋಲಿ 1906ರಲ್ಲಿ ಅಬ್ರುಝೋ ಬೆಟ್ಟಸೀಮೆಯ ಪೆನ್ನೆ ಎಂಬ ಊರಿನಲ್ಲಿ ಹುಟ್ಟಿದ ದರ್ಜಿ. ಯುದ್ಧ ಮುಗಿದ 1945ರಲ್ಲೇ, ವ್ಯಾಪಾರ ಬಲ್ಲ ಗೆಳೆಯ ಗಯೆತಾನೊ ಸವೀನಿ ಜೊತೆಗೂಡಿ ಇಲ್ಲಿ ಅಂಗಡಿ ತೆರೆದರು. ಹೆಸರು ಏಡ್ರಿಯಾಟಿಕ್ ಸಮುದ್ರದ ಬ್ರಿಯೋನಿ ದ್ವೀಪಗಳದ್ದು. ಸಿರಿವಂತರು ವಿಹಾರಕ್ಕೆ ಹೋಗುತ್ತಿದ್ದ ಜಾಗ ಅದು.

ಮೇಜಿನ ಹತ್ತಿರ ಬಗ್ಗಿ. ಕೋಟಿನ ಎದೆಯ ಮೇಲೆ ಮಡಚಿ ಬೀಳುವ ಪಟ್ಟಿ ಇದೆಯಲ್ಲ, ಅದರ ಒಳಗೆ ಕ್ಯಾನ್ವಾಸ್ ಕೂಡಿಸುತ್ತಿದ್ದಾರೆ. ಎಡಗೈ ಬಟ್ಟೆಯನ್ನು ಬೆರಳ ಮೇಲೆ ಬಾಗಿಸಿ ಹಿಡಿದಿದೆ, ಬಲಗೈ ಒಂದೊಂದೇ ಸಣ್ಣ ಹೊಲಿಗೆ ಹಾಕುತ್ತಿದೆ. ಸೂಜಿ ಹೊರಬಟ್ಟೆಯ ಒಂದೆರಡು ಎಳೆಯನ್ನಷ್ಟೇ ಕಚ್ಚಬೇಕು. ಹೆಚ್ಚು ಕಚ್ಚಿದರೆ ಆಚೆ ಬದಿಗೆ ಚುಕ್ಕೆ ಬೀಳುತ್ತದೆ. ಬಾಗಿಸಿಯೇ ಹೊಲಿದದ್ದರಿಂದ ಆ ಬಾಗು ಬಟ್ಟೆಯಲ್ಲಿ ನಿಂತುಬಿಡುತ್ತದೆ. ಇಸ್ತ್ರಿಯಿಂದ ಒತ್ತಿ ತಂದ ಮಡಿಕೆಗೂ ಇದಕ್ಕೂ ಇರುವ ವ್ಯತ್ಯಾಸ ಮುಟ್ಟಿದರೆ ಗೊತ್ತಾಗುತ್ತದೆ. ನೂರಾರು ಹೊಲಿಗೆ, ಒಂದೂ ಕಣ್ಣಿಗೆ ಬೀಳುವುದಿಲ್ಲ. ನನಗೆ ಬಿಳಿ ಸಭಾಂಗಣಕ್ಕಿಂತ ಈ ಮೇಜೇ ದೊಡ್ಡದು.

ಹಾಲಿವುಡ್ಡಿನ ಕ್ಲಾರ್ಕ್ ಗೇಬಲ್, ಗ್ಯಾರಿ ಕೂಪರ್ ಈ ಕೋಟು ತೊಟ್ಟರು. ಬಹಳ ವರ್ಷಗಳ ಮೇಲೆ, 1995ರ ‘ಗೋಲ್ಡನ್ ಐ’ಯಿಂದ ಜೇಮ್ಸ್ ಬಾಂಡ್ ಕೂಡ ತೊಟ್ಟ. ಐವತ್ತರ ದಶಕದಲ್ಲಿ ಬೇಡಿಕೆ ಏರಿದಾಗ ಯಂತ್ರಕ್ಕೆ ಒಪ್ಪಿಸಿಬಿಡುವ ದಾರಿ ಫೋಂತಿಕೋಲಿಯವರ ಮುಂದಿತ್ತು. ಅವರು ತಮ್ಮ ಪೆನ್ನೆಗೆ ಮರಳಿದರು. ಆ ದಶಕ ಮುಗಿಯುವ ಹೊತ್ತಿಗೆ ಅಲ್ಲಿ ಕಾರ್ಖಾನೆ ಎದ್ದಿತು. ಅಲ್ಲಿ ಕಾಜಾ ತೆಗೆಯುವವರು ಬೇರೆ, ತೋಳು ಕೂಡಿಸುವವರು ಬೇರೆ, ಕಾಲರಿನವರು ಬೇರೆ. ಕೆಲಸ ಹಂಚಿಹೋಯಿತು, ಕೈಹೊಲಿಗೆ ಉಳಿಯಿತು. ಅವರ ಬದುಕಿನ ದೊಡ್ಡ ಸಾಧನೆ ಯಾವುದೆಂದು ಕೇಳಿದರೆ ನಾನು ತೋರಿಸುವುದು ಇದನ್ನೇ. ಹುಟ್ಟೂರಿನ ಮಕ್ಕಳು ಊರಲ್ಲೇ ಉಳಿದು ಉಣ್ಣುವಂಥ ಕಸುಬನ್ನು ಅವರು ಕೊಟ್ಟರು.

ಫೋಂತಿಕೋಲಿ 1981ರಲ್ಲಿ ತೀರಿಕೊಂಡರು. ಸೂಜಿ ಹಿಡಿಯುವ ಕೈಗಳು ಕಡಿಮೆಯಾಗಬಾರದೆಂದು 1985ರಲ್ಲಿ ಬ್ರಿಯೋನಿ ಪೆನ್ನೆಯಲ್ಲೇ ಹೊಲಿಗೆಯ ಶಾಲೆ ತೆರೆಯಿತು.